ಹವ್ಯಾಸಕ್ಕೆ ಫೋಟೊ ತೆಗೆಯುವವರು ಎಲ್ಲಿ ನಿಂತುಬಿಡುತ್ತಾರೆ?

ಹಾಸನದಿಂದ ಬರೆದಿದ್ದೀರಿ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5600 ಕ್ಯಾಮೆರಾ ತಗೊಂಡಿರಿ, ಅದರ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸ್ ಇದೆ. ವಿಡಿಯೊ ನೋಡಿ ಬೆಳಕನ್ನು ಹತೋಟಿಯಲ್ಲಿಡುವ ಶಟರ್, ಅಪರ್ಚರ್, ಐಎಸ್ಒ ಎಲ್ಲ ಕಲಿತಿರಿ. ಆದರೂ ಫೋಟೊ ಮೊದಲಿನ ಹಾಗೇ ಇದೆ. ನಮ್ಮಂಥವರಿಗೆ ನಿಜವಾದ ತೊಡಕು ಯಾವುದು, ಹೊಸ ಲೆನ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ.

ನಾನು ಮೈಸೂರಿನವನು. ಹೊಟ್ಟೆಪಾಡಿನ ಕೆಲಸ ಬೇರೆ, ಕ್ಯಾಮೆರಾ ಹೊರಗೆ ಬರುವುದು ಭಾನುವಾರ ಮಾತ್ರ. ಹದಿಮೂರು ವರ್ಷದಿಂದ ತೆಗೆಯುತ್ತಿದ್ದೇನೆ. ಮೊದಲ ನಾಲ್ಕು ವರ್ಷ ನೀವು ಈಗ ನಿಂತಿರುವ ಜಾಗದಲ್ಲೇ ನಿಂತಿದ್ದೆ. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಹೋಗಲು ಮನಸ್ಸಾಗಲಿಲ್ಲ.

ಲೆನ್ಸ್ ವಿಷಯ ಕೊನೆಗೆ ಹೇಳುತ್ತೇನೆ. ನನಗೆ ಕಂಡ ದೊಡ್ಡ ತೊಡಕು ಇದು: ನಮ್ಮ ಫೋಟೊ ಎಲ್ಲಿ ಕೆಟ್ಟಿದೆ ಅಂತ ಹೇಳುವವರು ಯಾರೂ ಇಲ್ಲ. ಮನೆಯವರಿಗೆ ಎಲ್ಲವೂ ಚೆನ್ನಾಗಿರುತ್ತದೆ. ಗೆಳೆಯರು 'ಸೂಪರ್ ಗುರು' ಅಂತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದರಿಂದ ಕಲಿಯಲು ಏನೂ ಸಿಗುವುದಿಲ್ಲ. ತಪ್ಪು ಗೊತ್ತಾಗದಿದ್ದಾಗ ನಾವು ಸಾಮಾನಿನ ಮೇಲೆ ತಪ್ಪು ಹಾಕುತ್ತೇವೆ.

ನನ್ನ ಕಥೆ ಕೇಳಿ. ಮನೆಯಿಂದ ರಂಗನತಿಟ್ಟು ಹತ್ತಿರ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ ಪಕ್ಷಿಧಾಮವಾದ ಜಾಗ. ಬೆಳಗಿನ ಮೊದಲ ದೋಣಿಗೇ ಹೋಗುತ್ತಿದ್ದೆ. ಅಲ್ಲಿನ ಬಂಡೆಗಳ ಮೇಲೆ ಬೆಳ್ಳಕ್ಕಿ ಕೂತಿರುತ್ತದೆ, ಹಿಂದೆ ಕಪ್ಪಗೆ ಕಾವೇರಿ ನೀರು. ಕಣ್ಣಿಗೆ ಎಷ್ಟು ಚೆಂದ ಕಾಣುತ್ತದೆ ಅಂದರೆ, ಒಂದೊಂದು ಗರಿಯನ್ನೂ ಎಣಿಸಬಹುದು ಅನ್ನಿಸುತ್ತದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಬೆಳ್ಳಕ್ಕಿ ಇರುವ ಜಾಗದಲ್ಲಿ ಸುಣ್ಣ ಬಳಿದ ಹಾಗೆ ಒಂದು ಬಿಳಿ ಮುದ್ದೆ. ಗರಿಯೇ ಇಲ್ಲ. ನನ್ನ ಲೆನ್ಸ್ ಅಗ್ಗದ್ದು, ಅದಕ್ಕೇ ಹೀಗೆ ಅಂದುಕೊಂಡೆ. ದುಡ್ಡು ಕೂಡಿಸಿ ದೊಡ್ಡ ಲೆನ್ಸ್ ತಂದೆ. ಬೆಳ್ಳಕ್ಕಿ ದೊಡ್ಡದಾಯಿತು. ಗರಿ ಆಗಲೂ ಕಾಣಲಿಲ್ಲ.

ಕಾರಣ ಬಹಳ ಸರಳ. ಕ್ಯಾಮೆರಾ ತನ್ನಷ್ಟಕ್ಕೆ ಬೆಳಕು ಅಳೆಯುವಾಗ ಎದುರಿಗೆ ಇರುವುದನ್ನೆಲ್ಲ ಸರಾಸರಿ ನಡುಬೂದು ಬಣ್ಣ ಅಂದುಕೊಳ್ಳುತ್ತದೆ. ಫ್ರೇಮಿನ ತುಂಬಾ ಕಪ್ಪು ನೀರು ಇದ್ದರೆ 'ಅಯ್ಯೋ, ಕತ್ತಲೆ ಜಾಸ್ತಿ ಇದೆ' ಅಂತ ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ. ಮಧ್ಯದಲ್ಲಿರುವ ಪುಟ್ಟ ಬಿಳಿ ಹಕ್ಕಿ ಸುಟ್ಟುಹೋಗುತ್ತದೆ. ಕ್ಯಾಮೆರಾದ ಅಳತೆಯನ್ನು ನಾವೇ ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೈನಸ್ 1ಕ್ಕೆ ಇಳಿಸಿದರೆ ಗರಿ ವಾಪಸ್ ಬರುತ್ತದೆ. ಅದೇ ಹಕ್ಕಿ ಹೊಳೆಯುವ ಆಕಾಶದ ಎದುರು ಹಾರಿದರೆ ಉಲ್ಟಾ, ಪ್ಲಸ್ 1 ಬೇಕಾಗುತ್ತದೆ. ಸುಟ್ಟ ಜಾಗ ಮಿಣಮಿಣ ಮಿನುಗುವ ಹಾಗೆ ಕ್ಯಾಮೆರಾದಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ, ಹೈಲೈಟ್ಸ್ ಅಂತ. ಅದನ್ನು ಇವತ್ತೇ ಆನ್ ಮಾಡಿ. ಬಿಸಿಲಿನಲ್ಲಿ ಹಿಂದಿನ ಪರದೆ ನೋಡಿ ಚೆನ್ನಾಗಿದೆ ಅಂತ ನಂಬಬೇಡಿ.

ಇದನ್ನು ನನಗೆ ಹೇಳಿಕೊಟ್ಟವರು ದೋಣಿಯಲ್ಲಿ ಪಕ್ಕ ಕೂತಿದ್ದ ಒಬ್ಬ ಹಿರಿಯರು, ಗುರುತಿಲ್ಲದವರು. ಎರಡು ನಿಮಿಷದ ಮಾತು. ಅದಕ್ಕಾಗಿ ನಾನು ಎರಡು ವರ್ಷ ಮತ್ತು ಒಂದು ಲೆನ್ಸಿನ ದುಡ್ಡು ಕಳೆದಿದ್ದೆ.

ಅದಾದ ಮೇಲೆ ಒಂದು ರೂಢಿ ಮಾಡಿಕೊಂಡೆ. ಕೆಟ್ಟ ಫೋಟೊಗಳನ್ನು ಅಳಿಸುವ ಮೊದಲು ಹತ್ತನ್ನಾದರೂ ತೆರೆದು, ಒಂದು ನೋಟ್‌ಬುಕ್‌ನಲ್ಲಿ ಪ್ರತಿಯೊಂದಕ್ಕೂ ಒಂದು ಸಾಲು ಬರೆಯುತ್ತೇನೆ. 'ಶಟರ್ ನಿಧಾನ.' 'ತಲೆಯಿಂದ ಲೈಟು ಕಂಬ ಎದ್ದಿದೆ.' 'ದೂರ ನಿಂತೆ.' ಒಂದು ವರ್ಷ ಆದ ಮೇಲೆ ತಿರುಗಿಸಿ ನೋಡಿದರೆ ನೂರಾರು ಸಾಲು, ತಪ್ಪು ಮಾತ್ರ ಮೂರೋ ನಾಲ್ಕೋ. ನನ್ನದರಲ್ಲಿ 'ದೂರ ನಿಂತೆ' ಅನ್ನುವುದೇ ಹೆಚ್ಚು ಇತ್ತು.

ದೂರ ನಿಲ್ಲುವುದಕ್ಕೆ ಕಾರಣ ಸಂಕೋಚ. ಇದನ್ನು ಯಾವ ವಿಡಿಯೊದಲ್ಲೂ ಸರಿಯಾಗಿ ಹೇಳುವುದಿಲ್ಲ, ಆದರೆ ಹವ್ಯಾಸಿಗಳಲ್ಲಿ ಅರ್ಧ ಜನ ಇಲ್ಲೇ ಸಿಕ್ಕಿಕೊಂಡಿರುತ್ತಾರೆ. ಮೈಸೂರಿನ ದೇವರಾಜ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಬಂದವರೆಲ್ಲ ಕುಂಕುಮದ ಗುಡ್ಡೆ ತೆಗೆಯುತ್ತಾರೆ. ನಾನೂ ತೆಗೆದಿದ್ದೇನೆ. ಗುಡ್ಡೆಗೆ ನಾಚಿಕೆ ಇಲ್ಲ, 'ಯಾಕೆ ತೆಗೀತೀಯ' ಅಂತ ಕೇಳುವುದಿಲ್ಲ. ಅದರ ಆಚೆ ಹೂವಿನ ಸಾಲಿನಲ್ಲಿ ಕೂತ ಒಬ್ಬ ಅಜ್ಜಿಯನ್ನು ಎಷ್ಟೋ ವಾರ ಕಂಬದ ಮರೆಯಿಂದ ಜೂಮ್ ಮಾಡಿ ತೆಗೆದೆ. ಎಲ್ಲವೂ ಕದ್ದು ತೆಗೆದ ಹಾಗೇ ಕಾಣುತ್ತಿದ್ದವು.

ಒಂದು ಭಾನುವಾರ ಧೈರ್ಯ ಮಾಡಿ ಹೋಗಿ ಎರಡು ಮಾರು ಮಲ್ಲಿಗೆ ಕೊಂಡು, ತೆಗೆಯಲಾ ಅಂತ ಕೇಳಿದೆ. 'ತಕ್ಕೊ' ಅಂದರು. ಮುಂದಿನ ವಾರ ಪ್ರಿಂಟ್ ಹಾಕಿಸಿ ತಂದುಕೊಟ್ಟೆ. ಮುಖದ ಸುಕ್ಕು, ಮೂಗುಬೊಟ್ಟು ಎಲ್ಲ ಚೆನ್ನಾಗಿ ಬಂದಿತ್ತು, ನನಗೆ ಹೆಮ್ಮೆ. ಅಜ್ಜಿ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿ ಅಂದರು: 'ಮೂತಿ ಚೆನ್ನಾಗಿ ತೆಗ್ದಿದ್ದೀಯ ಕಣಪ್ಪ. ಹೂ ಕಟ್ಟೋದು ಕೈಯಲ್ವಾ? ಕೈ ಎಲ್ಲೈತೆ ಇದ್ರಲ್ಲಿ?'

ನನ್ನ ಫೋಟೊದ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತು ಇವತ್ತಿನವರೆಗೆ ಯಾರೂ ಹೇಳಿಲ್ಲ.

ಆ ಮೇಲೆ ಎರಡು ತಿಂಗಳು ಆ ಕೈಗಳನ್ನೇ ತೆಗೆದೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರ ಒಂದು ಸುತ್ತು, ಬೆರಳ ಮೇಲೆ ಕುಣಿಕೆ, ಒಂದು ಎಳೆತ. ಕಣ್ಣು ಬೇರೆಲ್ಲೋ ಇರುತ್ತದೆ, ಗಿರಾಕಿ ಜೊತೆ ಮಾತು ನಡೆಯುತ್ತಿರುತ್ತದೆ, ಕೈ ತನ್ನ ಪಾಡಿಗೆ ತಾನು. ಶಟರ್ ಸೆಕೆಂಡಿನ 1/500 ಭಾಗ ಮಾತ್ರ ತೆರೆದಿರುವ ಹಾಗೆ ತೆಗೆದರೆ ಬೆರಳು ಸ್ಪಷ್ಟ, ಆದರೆ ಕೈ ಸುಮ್ಮನೆ ಕೂತ ಹಾಗೆ ಕಾಣುತ್ತದೆ. 1/15ಕ್ಕೆ ಇಳಿಸಿದರೆ ಎಲ್ಲ ಕಲಸುಮೇಲೋಗರ. ಕೊನೆಗೆ 1/60 ಸರಿಹೋಯಿತು. ಮೊಣಕೈಯನ್ನು ಮಂಡಿಗೆ ಊರಿ ಕೂತರೆ ಹೂವು ಅಲುಗಾಡದೆ ನಿಲ್ಲುತ್ತದೆ, ಬೆರಳ ತುದಿ ಮಾತ್ರ ಸ್ವಲ್ಪ ಮಸುಕಾಗಿ ಓಡುತ್ತದೆ. ಶಟರ್ ಸ್ಪೀಡ್ ಅಂದರೆ ಏನು ಅಂತ ನನಗೆ ಆವತ್ತು ಅರ್ಥವಾಯಿತು. ಅಲ್ಲಿಯವರೆಗೆ ಅದೊಂದು ಅಂಕಿ ಮಾತ್ರ ಆಗಿತ್ತು.

ಅಲ್ಲೇ ಇನ್ನೊಂದು ಪಾಠ ಕಲಿತೆ. ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದರೆ ಅದರಡಿ ಮಲ್ಲಿಗೆ ನೀಲಿಯಾಗುತ್ತದೆ, ಮುಖ ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ. ನಮ್ಮ ಕಣ್ಣು ತಾನೇ ಸರಿಮಾಡಿಕೊಳ್ಳುವುದರಿಂದ ಅಲ್ಲಿ ನಿಂತಾಗ ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ರಾ ಫೈಲಿನಲ್ಲಿ ತೆಗೆದಿದ್ದರೆ ಮನೆಯಲ್ಲಿ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣದ ಛಾಯೆ, ತಿದ್ದಬಹುದು. ಕ್ಯಾಮೆರಾ ತಾನೇ ಕುಗ್ಗಿಸಿ ಕೊಡುವ ಜೆಪೆಗ್‌ನಲ್ಲಿ ಅಷ್ಟು ಸಲೀಸಲ್ಲ.

ಸಮಯ ಸಿಗುವುದಿಲ್ಲ ಅನ್ನುವುದು ನಿಜ, ನನಗೂ ಸಿಗುವುದಿಲ್ಲ. ಆದರೆ ಇರುವ ಸಮಯವನ್ನು ಬೇರೆ ಬೇರೆ ಊರಿಗೆ ಓಡುವುದರಲ್ಲೇ ಕಳೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಿಮಗೆ ಹಳೇಬೀಡು ಸುಮಾರು 30 ಕಿಲೋಮೀಟರ್ ಅಷ್ಟೇ. ಎಂಥ ಭಾಗ್ಯ! ಹೊಯ್ಸಳೇಶ್ವರನ ಗುಡಿಯ ಹೊರಗೋಡೆ ಸಪಾಟಾಗಿಲ್ಲ, ಮೂಲೆ ಮೂಲೆಯಾಗಿ ತಿರುಗುತ್ತಾ ಹೋಗುತ್ತದೆ. ಸೂರ್ಯ ಸರಿದ ಹಾಗೆ ಒಂದೊಂದು ಮಗ್ಗುಲಿಗೆ ಓರೆಯಾಗಿ ಬೆಳಕು ಬೀಳುತ್ತದೆ. ಓರೆ ಬೆಳಕು ಬಿದ್ದ ಕ್ಷಣ ಮೂರ್ತಿ ಕಲ್ಲಿನಿಂದ ಆಚೆ ಬಂದು ನಿಲ್ಲುತ್ತದೆ, ಕೊರಳ ಹಾರದ ಒಂದೊಂದು ಮಣಿಗೂ ನೆರಳು ಸಿಗುತ್ತದೆ. ಎದುರು ಬೆಳಕಾದರೆ ಅದೇ ಮೂರ್ತಿ ಚಪ್ಪಟೆ. ಗುಡಿಯ ಮುಖ ಪೂರ್ವಕ್ಕೆ, ಆದ್ದರಿಂದ ಹಿಂದಿನ ಪಡುವಣ ಗೋಡೆಗೆ ಸಂಜೆ ಹೋಗಬೇಕು. ಒಂದೇ ಮೂರ್ತಿಯನ್ನು ಆರಿಸಿಕೊಂಡು ನಾಲ್ಕು ಗಂಟೆಯಿಂದ ಬಾಗಿಲು ಹಾಕುವವರೆಗೆ ಹದಿನೈದು ನಿಮಿಷಕ್ಕೊಂದು ತೆಗೆಯಿರಿ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲೇ ಹಿಡಿದು ತೆಗೆಯಿರಿ. ಆ ಸಂಜೆ ಒಟ್ಟು 36 ಫೋಟೊಗಿಂತ ಜಾಸ್ತಿ ತೆಗೆಯಬೇಡಿ. ಹಿಂದೆ ಒಂದು ರೀಲಿನಲ್ಲಿ ಇರುತ್ತಿದ್ದುದೇ ಅಷ್ಟು. ನಾಲ್ಕುನೂರು ತೆಗೆದರೆ ಮನೆಗೆ ಬಂದು ಒಂದನ್ನೂ ಸರಿಯಾಗಿ ನೋಡುವುದಿಲ್ಲ.

ತಿದ್ದಿ ಹೇಳುವವರು ಬೇಕು ಅಂದರೆ ಹಿರಿಯರಿರುವ ಸಂಘಗಳಲ್ಲಿ ಸಿಗುತ್ತಾರೆ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಮೊದಲ ಸಲ ನಿಮ್ಮ ಫೋಟೊ ಬಗ್ಗೆ ಕೇಳಿಸಿಕೊಳ್ಳುವಾಗ ಮನಸ್ಸಿಗೆ ಬೇಜಾರಾಗುತ್ತದೆ, ನನಗೂ ಆಗಿತ್ತು. ಎದ್ದು ಬರಬೇಡಿ.

ಈಗ ಲೆನ್ಸ್. ಆರು ತಿಂಗಳು ಆ ನೋಟ್‌ಬುಕ್ ಬರೆಯಿರಿ, ಅದೇ ಉತ್ತರ ಹೇಳುತ್ತದೆ. 'ದೂರ ನಿಂತೆ' ಅಂತಿದ್ದರೆ ಏನೂ ಕೊಳ್ಳಬೇಡಿ, ಎರಡು ಹೆಜ್ಜೆ ಮುಂದೆ ಹೋಗಿ. 'ಬೆಳಕು ಸಾಲಲಿಲ್ಲ' ಅಂತ ಮತ್ತೆ ಮತ್ತೆ ಬಂದಿದ್ದರೆ 50 ಎಂಎಂ ಎಫ್ 1.8 ತಗೊಳ್ಳಿ. ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ನಿಮ್ಮ ಕಿಟ್ ಲೆನ್ಸ್ 55ರಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಇದು ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ನಿಮ್ಮ ಡಿ5600 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ, ಹಾಗಾಗಿ ಬಾಡಿಯ ಮೋಟಾರನ್ನೇ ನಂಬಿರುವ ಹಳೆಯ ಎಎಫ್-ಡಿ ಲೆನ್ಸ್ ಬೇಡ, ಒಳಗೇ ಮೋಟಾರ್ ಇರುವ, ಎಎಫ್-ಎಸ್ ಅಂತ ಬರೆದಿರುವುದನ್ನೇ ಕೇಳಿ. ಸೆಕೆಂಡ್ ಹ್ಯಾಂಡ್ ಸಾಕು. ಕೊಳ್ಳುವ ಮೊದಲು ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು ಗಾಜಿನೊಳಗೆ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಅದು ಫಂಗಸ್. ನಿಮ್ಮ ಕಡೆಯ ಮಳೆಗಾಲಕ್ಕೆ ಅದು ಇನ್ನೂ ಹಬ್ಬುತ್ತದೆ, ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟುಬನ್ನಿ.