ಜೈಲಿನಿಂದ ಹೊರಬಂದವರು ಬೀದಿಪಾಲಾಗದಂತೆ ಕೆಲವೇ ಜನರ ಒಂದು ಬಳಗ ಏನು ಮಾಡಬಹುದು?

ಜೈಲಿನಿಂದ ಬಿಡುಗಡೆಯಾಗುವವರಿಗಾಗಿ ನಿಮ್ಮ ಬಳಗ ಮೊದಲು ತಂಗುದಾಣವೊಂದನ್ನು ತೆರೆಯಬೇಕೋ, ಕೆಲಸ ಕೊಡಿಸಬೇಕೋ ಎಂದು ಕೇಳಿದ್ದೀರಿ. ಸರ್ಕಾರವೇ ಮಾಡಬೇಕಾದ ಈ ಕೆಲಸದಲ್ಲಿ ನಾಲ್ಕಾರು ಸ್ವಯಂಸೇವಕರಿಂದ ಏನಾದೀತು ಎಂಬ ಅನುಮಾನವನ್ನೂ ಜೊತೆಗೆ ಸೇರಿಸಿದ್ದೀರಿ. ಇಂಥದೇ ಬಳಗವೊಂದರಲ್ಲಿ ಹಲವು ವರ್ಷಗಳಿಂದ ತೊಡಗಿಕೊಂಡಿರುವ ನನಗೆ, ಇವೆರಡಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ ಎನ್ನಿಸುತ್ತದೆ: ಆ ವ್ಯಕ್ತಿ ಮನೆ ಕಳೆದುಕೊಂಡದ್ದು ಯಾವಾಗ? ನಾನು ಕಂಡ ಹೆಚ್ಚಿನವರು ಅದನ್ನು ಕಳೆದುಕೊಂಡದ್ದು ಬಂಧನವಾದ ಮೊದಲ ಕೆಲವು ವಾರಗಳಲ್ಲಿ; ಬಿಡುಗಡೆಯ ದಿನ ಅದು ಎಲ್ಲರ ಕಣ್ಣಿಗೆ ಬಿತ್ತು, ಅಷ್ಟೆ.

ಬಾಡಿಗೆ ಮನೆಯಲ್ಲಿ ಒಬ್ಬಂಟಿಯಾಗಿದ್ದವರು ಬಂಧನಕ್ಕೊಳಗಾದರೆ ದುಡಿಮೆ ಅಂದೇ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಬಾಕಿ ಬೆಳೆಯುತ್ತದೆ, ಮನೆ ಮಾಲೀಕರು ಒಂದೆರಡು ತಿಂಗಳು ಕಾದು ಬೀಗ ತೆಗೆಸುತ್ತಾರೆ, ಸಾಮಾನು ಹೊರಗೆ ಬೀಳುತ್ತದೆ. ಆ ಸಾಮಾನಿನ ರಾಶಿಯಲ್ಲಿಯೇ ಗುರುತಿನ ಚೀಟಿ, ಜನನ ಪ್ರಮಾಣಪತ್ರ, ಬ್ಯಾಂಕಿನ ಕಾಗದಗಳು, ವೈದ್ಯರ ಚೀಟಿ ಎಲ್ಲವೂ ಇರುತ್ತವೆ. ವಿಚಾರಣೆಯ ಹಂತದಲ್ಲೇ ಜಾಮೀನು ಸಿಕ್ಕರೂ, ಕೊನೆಗೆ ಆರೋಪವೇ ಬಿದ್ದುಹೋದರೂ, ಆ ಮನೆ ಮರಳಿ ಬರುವುದಿಲ್ಲ. ಆದ್ದರಿಂದ ತಂಗುದಾಣದಿಂದಲೇ ಕೆಲಸ ಆರಂಭಿಸುವುದೆಂದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ವಿಶ್ವಸಂಸ್ಥೆಯ ಮಹಾಸಭೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ 107ನೆಯ ನಿಯಮವೂ, ಶಿಕ್ಷೆಯ ಆರಂಭದಿಂದಲೇ ಕೈದಿಯ ಬಿಡುಗಡೆಯ ನಂತರದ ಬದುಕನ್ನು ಗಮನದಲ್ಲಿಡಬೇಕೆಂದು ಹೇಳುತ್ತದೆ.

ಹಣವೂ ಕಟ್ಟಡವೂ ಇಲ್ಲದ ಸಣ್ಣ ಬಳಗಕ್ಕೆ ನಿಜವಾದ ಬಲವಿರುವುದು ಇಲ್ಲಿಯೇ. ಮಾಲೀಕರನ್ನು ಕಂಡು ಮಾತಾಡುವುದು, ಅಲ್ಪಾವಧಿಯ ಬಂಧನವಾದರೆ ಬಾಕಿಯ ಒಂದು ಭಾಗವನ್ನು ಕಟ್ಟುವುದು, ಅವಧಿ ದೀರ್ಘವಾಗುವಂತಿದ್ದರೆ ಕೈದಿಯ ಒಪ್ಪಿಗೆಪತ್ರ ಪಡೆದು ಮನೆಯನ್ನು ಕ್ರಮಬದ್ಧವಾಗಿ ಬಿಟ್ಟುಕೊಟ್ಟು ಸಾಲ ಬೆಳೆಯದಂತೆ ನೋಡಿಕೊಳ್ಳುವುದು, ಕಾಗದಪತ್ರಗಳನ್ನು ಪಟ್ಟಿ ಮಾಡಿ ಭದ್ರವಾಗಿ ಇಡುವುದು. ಇದಕ್ಕಾಗಿ ವಕೀಲರೊಂದಿಗೂ ಜೈಲಿನ ಕಲ್ಯಾಣಾಧಿಕಾರಿಗಳೊಂದಿಗೂ ಮುಂಚಿತವಾಗಿ ಪರಿಚಯ ಬೆಳೆಸಿಕೊಂಡಿರಬೇಕು. ಇಲ್ಲವಾದರೆ ಸುದ್ದಿ ನಿಮಗೆ ತಲುಪುವಷ್ಟರಲ್ಲಿ ಮನೆಗೆ ಬೇರೆಯವರು ಬಂದಿರುತ್ತಾರೆ.

ಬಿಡುಗಡೆಯ ದಿನದ ಬಗ್ಗೆ ಒಂದು ಸಂಗತಿಯನ್ನು ಹತ್ತಿರದಿಂದ ಹೇಳಬೇಕು. ಹೊರಬರುವವರ ಕೈಗೆ ಅವರ ಹಳೆಯ ವಸ್ತುಗಳನ್ನು ಚೀಲದಲ್ಲಿ ಹಾಕಿ ಕೊಡುತ್ತಾರೆ. ಅದರಲ್ಲಿ ಮೊಬೈಲ್ ಇದ್ದರೆ ಬ್ಯಾಟರಿ ಸತ್ತಿರುತ್ತದೆ, ಚಾರ್ಜ್ ಮಾಡಿದರೆ ಸಿಮ್ ಸ್ಥಗಿತಗೊಂಡಿರುತ್ತದೆ, ಆ ಸಂಖ್ಯೆ ಬೇರೆ ಯಾರಿಗೋ ಹೋಗಿರುವುದೂ ಉಂಟು. ಸಂಖ್ಯೆ ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಬ್ಯಾಂಕ್ ಖಾತೆ ತೆರೆದುಕೊಳ್ಳುವುದಿಲ್ಲ, ಖಾತೆ ಇಲ್ಲದವರಿಗೆ ಮನೆಯೂ ಇಲ್ಲ, ಸಂಬಳವೂ ಇಲ್ಲ. ಚಾಲ್ತಿಯಲ್ಲಿರುವ ಸಿಮ್ ಹಾಕಿದ ಒಂದು ಸಾಧಾರಣ ಫೋನ್ ಹಿಡಿದು ಗೇಟಿನ ಬಳಿ ನಿಂತಿರುವ ಒಬ್ಬ ಪರಿಚಿತರು ಆ ದಿನ ಮಾಡುವಷ್ಟು ಉಪಕಾರವನ್ನು ಯಾವ ಸಮಾಲೋಚನಾ ಶಿಬಿರವೂ ಮಾಡಲಾರದು. ಈ ಆರಂಭದ ದಿನಗಳು ಅಪಾಯದವು ಕೂಡ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಸಾಮಾನ್ಯ ನಿವಾಸಿಗಳಿಗಿಂತ 12 ಪಟ್ಟಿಗೂ ಹೆಚ್ಚಾಗಿತ್ತು. ಮಾದಕವಸ್ತುಗಳ ಅತಿಸೇವನೆ ಅದರ ಮುಖ್ಯ ಕಾರಣ. ಶುಕ್ರವಾರ ಸಂಜೆ ಬಿಟ್ಟರೆ ಸೋಮವಾರದವರೆಗೆ ಯಾವ ಕಚೇರಿಯೂ ತೆರೆದಿರುವುದಿಲ್ಲ ಎಂಬ ಕಾರಣಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ನೆರವಿನ ಅಗತ್ಯವಿರುವ ಕೈದಿಗಳನ್ನು ಎರಡು ಕೆಲಸದ ದಿನಗಳಷ್ಟು ಮುಂಚೆ ಬಿಡಲು ಅವಕಾಶ ಕೊಡುವ ಕಾಯ್ದೆಯನ್ನೇ 2023ರಲ್ಲಿ ತರಬೇಕಾಯಿತು.

ಮನೆಯೋ ಕೆಲಸವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಮನೆ. ವ್ಯಸನ ಬಿಟ್ಟ ಮೇಲೆ, ಕೆಲಸ ಹಿಡಿದ ಮೇಲೆ, ನಡತೆ ಸರಿಯಾದ ಮೇಲೆ ಮನೆ ಎಂಬ ಹಳೆಯ ಕ್ರಮವನ್ನು ತಿರುಗಿಸಿ, ಮೊದಲು ಮನೆ ಕೊಟ್ಟು ಉಳಿದದ್ದಕ್ಕೆ ಜೊತೆ ನಿಲ್ಲುವ ‘ಹೌಸಿಂಗ್ ಫಸ್ಟ್’ ಪದ್ಧತಿ ನ್ಯೂಯಾರ್ಕ್‌ನಲ್ಲಿ 1992ರಲ್ಲಿ ಆರಂಭವಾಯಿತು. ಫಿನ್‌ಲ್ಯಾಂಡ್ 2008ರಿಂದ ಅದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡು, ಸಾಲುಮಂಚಗಳ ತಂಗುದಾಣಗಳನ್ನು ಸ್ವತಂತ್ರ ಬಾಡಿಗೆ ಮನೆಗಳಾಗಿ ಬದಲಾಯಿಸಿತು. ವಿಳಾಸವಿಲ್ಲದವರು ಕೆಲಸದ ಅರ್ಜಿಯಲ್ಲಿ ಏನು ಬರೆಯಬೇಕು, ರಾತ್ರಿ ನಿದ್ದೆಯಿಲ್ಲದವರು ಬೆಳಗಿನ ಪಾಳಿಗೆ ಹೇಗೆ ಹೋಗಬೇಕು ಎಂದು ಯೋಚಿಸಿದರೆ ಈ ಕ್ರಮದ ತರ್ಕ ತಾನಾಗಿ ಹೊಳೆಯುತ್ತದೆ.

ಮನೆ ಕೊಡಲು ಮಾಲೀಕರು ಹಿಂಜರಿಯುತ್ತಾರೆ, ನಿಜ. ಅವರೊಂದಿಗೆ ಕರುಣೆಯ ಭಾಷೆಯಲ್ಲಿ ಮಾತನಾಡಿ ನಾನು ಯಾರನ್ನೂ ಒಪ್ಪಿಸಿದ ನೆನಪಿಲ್ಲ. ಅವರ ಚಿಂತೆ ಎರಡೇ: ಬಾಡಿಗೆ ನಿಂತರೆ ಯಾರನ್ನು ಕೇಳುವುದು, ತಕರಾರಾದರೆ ಯಾರಿಗೆ ಫೋನ್ ಮಾಡುವುದು. ಮುಂಗಡಕ್ಕೆ ಬಳಗದ ಲಿಖಿತ ಖಾತರಿಯನ್ನೂ, ಯಾವ ಹೊತ್ತಿನಲ್ಲಾದರೂ ಎತ್ತುವ ಒಂದು ಫೋನ್ ಸಂಖ್ಯೆಯನ್ನೂ ಕೊಟ್ಟರೆ ಮಾತುಕತೆ ವ್ಯವಹಾರದ ಹಾದಿಗೆ ಬರುತ್ತದೆ. ಬಾಡಿಗೆದಾರರ ಹಿನ್ನೆಲೆಯನ್ನು ಅವರ ಅನುಮತಿಯಿಲ್ಲದೆ ಹೇಳಬೇಡಿ. ಹೇಳಲೇಬೇಕಾದಲ್ಲಿ ಅವರೇ ಹೇಳಲಿ, ನೀವು ಪಕ್ಕದಲ್ಲಿರಿ.

ಮನೆ ಸಿಕ್ಕಮೇಲೆ ಎಷ್ಟು ಕಾಲ ಜೊತೆಗಿರಬೇಕು ಎಂಬುದಕ್ಕೆ ‘ಕ್ರಿಟಿಕಲ್ ಟೈಮ್ ಇಂಟರ್ವೆನ್ಶನ್’ ಎಂಬ ಪದ್ಧತಿಯ ಅಳತೆ ನನಗೆ ಒಪ್ಪಿಗೆಯಾಗಿದೆ: ಒಂಬತ್ತು ತಿಂಗಳು, ಮೂರು ಹಂತ, ಆರಂಭದಲ್ಲಿ ಹೆಚ್ಚು ಭೇಟಿ, ಕ್ರಮೇಣ ಕಡಿಮೆ. ಗಂಭೀರ ಅಪರಾಧದ ಹಿನ್ನೆಲೆಯವರಿಗೆ ಬೇರೆಯೇ ಮಾದರಿ ಬೇಕಾಗುತ್ತದೆ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1994ರಲ್ಲಿ ಮೊದಲಾದ ಕ್ರಮದಲ್ಲಿ, ಲೈಂಗಿಕ ಅಪರಾಧಕ್ಕಾಗಿ ಶಿಕ್ಷೆ ಮುಗಿಸಿ ಬಂದ ಒಬ್ಬ ವ್ಯಕ್ತಿಯ ಸುತ್ತ ತರಬೇತಿ ಪಡೆದ ಹಲವು ಸ್ವಯಂಸೇವಕರು ಕೂಡಿ, ಸ್ನೇಹವನ್ನೂ ನಿಗಾವನ್ನೂ ಒಟ್ಟಿಗೇ ಕೊಡುತ್ತಾರೆ. ತಜ್ಞರ ಮಾರ್ಗದರ್ಶನವಿಲ್ಲದೆ ಇದಕ್ಕೆ ಕೈಹಾಕಬೇಡಿ.

ಸರ್ಕಾರದ ಪಾತ್ರದ ಕುರಿತ ನಿಮ್ಮ ಅನುಮಾನ ಸರಿಯಾದದ್ದೇ. ಇಂಗ್ಲೆಂಡಿನಲ್ಲಿ 2018ರ ಅಕ್ಟೋಬರ್‌ನಿಂದ, ಮನೆಯಿಲ್ಲದಾಗುವ ಅಪಾಯವಿರುವ ಕೈದಿಯ ವಿವರವನ್ನು, ಆತನ ಒಪ್ಪಿಗೆಯಿದ್ದರೆ, ಸ್ಥಳೀಯ ವಸತಿ ಪ್ರಾಧಿಕಾರಕ್ಕೆ ತಿಳಿಸುವುದು ಜೈಲಿನ ಕಾನೂನುಬದ್ಧ ಕರ್ತವ್ಯ. ಅಂಥ ಕರ್ತವ್ಯವನ್ನು ಬಳಗಗಳು ಹೊತ್ತುಕೊಳ್ಳಬಾರದು, ಕೇಳಿ ಪಡೆಯಬೇಕು. ಹಾಗೆ ಕೇಳುವಾಗ ನೀವು ಇಟ್ಟುಕೊಂಡ ದಾಖಲೆಗಳು, ಅಂದರೆ ಯಾರ ಮನೆ ಯಾವ ವಾರ ಹೋಯಿತು, ಎಷ್ಟು ಬಾಕಿಗೆ ಹೋಯಿತು ಎಂಬ ಬರಹ, ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಹೆಸರುಗಳನ್ನು ಮಾತ್ರ ಆ ಬರಹದಿಂದ ತೆಗೆದುಬಿಡಿ. ಹಾಗೆಯೇ, ನೀವು ಕೊಡಿಸಿದ ಯಾವ ಮನೆಯ ಮುಂದೆಯೂ ಬಳಗದ ಫಲಕ ತೂಗುಹಾಕಬೇಡಿ, ಏಕೆಂದರೆ ಅಕ್ಕಪಕ್ಕದವರಿಗೆ ಅಲ್ಲಿರುವವರು ಬರೀ ಬಾಡಿಗೆದಾರರಾಗಿ ಕಾಣಬೇಕು.