ಸಿಂಗಾಪುರದಲ್ಲಿ ಕೆಲಸ, ಮೂರು ದಿನ ರಜೆ. ನೆಮ್ಮದಿಗೆ ಬಾಲಿಯ ಉಬುದ್ ಸರಿನಾ?

ವಿರಾಜಪೇಟೆಯವರು ಅಂತ ಬರೆದಿದ್ದೀರಿ. ನಾನು ನಾಪೋಕ್ಲು ಕಡೆಯವನು. 2023ರಲ್ಲಿ ನಾನೂ ಸಿಂಗಾಪುರದಲ್ಲಿದ್ದೆ, ನನಗೂ ಮೂರೇ ದಿನ ರಜೆ, ನನಗೂ ಉಬುದ್ ಹುಚ್ಚು.

ಮಾರ್ಚ್ 21ಕ್ಕೆ ಹೋಗೋದು, 23ಕ್ಕೆ ವಾಪಸ್ ಅಂತ ಟಿಕೆಟ್ ತೆಗೆದೆ. 22ಕ್ಕೆ ಒಂದೂ ವಿಮಾನ ತೋರಿಸಲಿಲ್ಲ. ಸೀಟು ತುಂಬಿರಬೇಕು ಅಂದುಕೊಂಡೆ ನೋಡಿ, ಅಲ್ಲೇ ಕೆಟ್ಟೆ.

22 ಬಾಲಿಯವರ ಹೊಸ ವರ್ಷ, ನ್ಯೆಪಿ. ಅವರದ್ದೂ ಶಕ ವರ್ಷವೇ, ಆ ಸಲ 1945. ಅವತ್ತೇ ಯುಗಾದಿ ಕೂಡ. ಮೈಸೂರಿನವನಾಗಿದ್ದರೆ ಬೇವು ಬೆಲ್ಲ ನೆನಪಾಗಿ ಏನಾದರೂ ಹೊಳೆಯುತ್ತಿತ್ತೇನೋ. ನಮ್ಮ ಮನೆಯಲ್ಲಿ ವರ್ಷ ಶುರುವಾಗೋದು ಏಪ್ರಿಲ್‌ನಲ್ಲಿ, ಕೊಡವರ ಹೊಸ ವರ್ಷ ಎಡಮ್ಯಾರ್‌ಗೆ. ಹಾಗಂತ ಪಂಚಾಂಗದ ಯುಗಾದಿ ನೋಡಿ ಲೆಕ್ಕ ಹಾಕಲೂ ಬೇಡಿ. 2024ರಲ್ಲಿ ನ್ಯೆಪಿ ಮಾರ್ಚ್ 11ಕ್ಕೆ, ಯುಗಾದಿ ಏಪ್ರಿಲ್ 9ಕ್ಕೆ. ಬಾಲಿಯ ಕ್ಯಾಲೆಂಡರ್ರನ್ನೇ ನೋಡಬೇಕು. ಎರಡು ನಿಮಿಷದ ಕೆಲಸ, ನಾನು ಮಾಡಲಿಲ್ಲ.

ನ್ಯೆಪಿ ಅಂದರೆ ಬೆಳಗ್ಗೆ 6ರಿಂದ ಮರುದಿನ ಬೆಳಗ್ಗೆ 6ರವರೆಗೆ ಇಡೀ ದ್ವೀಪ ಬಂದ್. ಬೆಂಕಿ ಹಚ್ಚಬಾರದು, ಕೆಲಸ ಮಾಡಬಾರದು, ಹೊರಗೆ ಹೋಗಬಾರದು, ಮೋಜು ಮಾಡಬಾರದು. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಮೊಬೈಲ್ ಇಂಟರ್ನೆಟ್ಟೂ ಇಲ್ಲ. ಪ್ರವಾಸಿಗರೂ ಹೋಟೆಲ್ ಗೇಟು ದಾಟುವಂತಿಲ್ಲ.

ಹಿಂದಿನ ಸಂಜೆ ಓಗೋ-ಓಗೋ ಅಂತ ಭೂತದಂಥ ದೊಡ್ಡ ದೊಡ್ಡ ಬೊಂಬೆಗಳನ್ನು ಹೊತ್ತು ಮೆರವಣಿಗೆ. ರಸ್ತೆ ಬಂದ್. ಟ್ಯಾಕ್ಸಿಯವನು ಊರಾಚೆಯೇ ಇಳಿಸಿದ. ಆ ಗದ್ದಲದಲ್ಲಿ ಬ್ಯಾಗ್ ಹೊತ್ತು ನಡೆದು ರೂಮು ಮುಟ್ಟುವಾಗ ರಾತ್ರಿ ಹತ್ತು. ಅಂಗಡಿಗಳೆಲ್ಲ ಮುಚ್ಚಿದ್ದವು. ಮಾರನೇ ದಿನ ಹೋಮ್‌ಸ್ಟೇ ಯಜಮಾನಿ ತಣ್ಣಗಿನ ಅನ್ನ, ಬೇಯಿಸಿಟ್ಟ ಗೆಣಸು ಕೊಟ್ಟರು, ಅದೇ ಮೂರು ಹೊತ್ತಿಗೂ. ರಾತ್ರಿ ಬಾತ್‌ರೂಮಿಗೆ ಹೋಗಲು ಫೋನ್ ಟಾರ್ಚ್ ಹಾಕಿದೆ. ಗೇಟಿನಾಚೆಯಿಂದ ಒಂದು ಗದರಿಕೆ! ಪೆಚಲಾಂಗ್ ಅಂತ, ಊರಿನ ಕಾವಲಿನವರು, ಸೊಂಟಕ್ಕೆ ಕಪ್ಪು-ಬಿಳಿ ಚೌಕಳಿ ಬಟ್ಟೆ ಸುತ್ತಿರುತ್ತಾರೆ. ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕತ್ತಲಲ್ಲೇ ಕೂತೆ. 2018ರ ಮಳೆಯಲ್ಲಿ ಕರೆಂಟಿಲ್ಲದೆ ಮನೆಯಲ್ಲಿ ಕೂತಿದ್ದು ನೆನಪಾಯಿತು. ಆಗ ಮಳೆಯ ಸದ್ದಾದರೂ ಇತ್ತು.

ಅಂಗಳಕ್ಕೆ ಬಂದು ತಲೆ ಎತ್ತಿದರೆ ಆಕಾಶ ತುಂಬ ನಕ್ಷತ್ರ. ಇದೊಂದರಲ್ಲಿ ಸುಳ್ಳು ಹೇಳಲಾರೆ, ಚೆನ್ನಾಗಿತ್ತು.

ಈಗ ನಿಮ್ಮ ಪ್ರಶ್ನೆ. ಉಬುದ್ ಪ್ರಶಾಂತ ಅಂತ ನಿಮಗೆ ಯಾರು ಹೇಳಿದರು? 23ಕ್ಕೆ ಬೆಳಗಾಗುತ್ತಲೇ ಸ್ಕೂಟರ್, ಹಾರ್ನ್, ಮಂಕಿ ಫಾರೆಸ್ಟ್ ರಸ್ತೆಯಲ್ಲಿ ಜಾಮ್. ಫುಟ್‌ಪಾತ್ ಮೇಲೆ ಹೂವು, ಊದುಬತ್ತಿ ಇಟ್ಟ ಪುಟ್ಟ ಗರಿಯ ತಟ್ಟೆಗಳು, ಅವನ್ನು ತುಳಿಯದೆ ಹೆಜ್ಜೆ ಹಾಕೋದೇ ಒಂದು ಕಸರತ್ತು. ನೆಮ್ಮದಿಗೇ ಹೋಗೋದಾದರೆ ನ್ಯೆಪಿ ದಿನ ನೋಡಿಕೊಂಡು, ಹಿಂದೆ ಮುಂದೆ ಎರಡೆರಡು ದಿನ ಸೇರಿಸಿ ಹೋಗಿ. ಎರಡು ದಿನ ಮೊದಲೇ ತಲುಪಿ ತಿಂಡಿ, ಹಣ್ಣು ತಂದಿಟ್ಟುಕೊಳ್ಳಿ. ಇಲ್ಲಾಂದ್ರೆ ಪೂರ್ವಕ್ಕೆ ಸಿದೆಮೆನ್ ಕಡೆ ಹೋಗಿ, ಗದ್ದೆ ಇದೆ, ಜನ ಕಡಿಮೆ. ಖರ್ಚಿನಲ್ಲಿ ವೀಸಾದ 5 ಲಕ್ಷ ಇಂಡೋನೇಷ್ಯಾ ರುಪಿಯಾ, 2024ರಿಂದ ಬಂದಿರುವ ಪ್ರವಾಸಿ ಶುಲ್ಕ ಒಂದೂವರೆ ಲಕ್ಷ, ಎರಡನ್ನೂ ಸೇರಿಸಿಕೊಳ್ಳಿ. ಲುವಾಕ್ ಕಾಫಿ ತೋಟ ತೋರಿಸ್ತೀವಿ ಅಂತ ಕರೆದರೆ ಹೋಗಲೇಬೇಡಿ. ಕಾಡುಬೆಕ್ಕು ತಿಂದು ಬಿಟ್ಟ ಬೀಜ ನೋಡಲು ಕೊಡಗಿನವರು ದುಡ್ಡು ಕೊಡೋದಾ?

ನನ್ನ ಆಸೆ ಇದ್ದಿದ್ದು ತಂಪಕ್‌ಸಿರಿಂಗ್‌ನ ತೀರ್ಥ ಎಂಪುಲ್ ದೇವಸ್ಥಾನದ ಮೇಲೆ. ನೆಲದಿಂದ ಉಕ್ಕುವ ನೀರು, ಸಾಲು ಕೊಳವೆಗಳ ಕೆಳಗೆ ತಲೆಯೊಡ್ಡಿ ಸ್ನಾನ. ಅವರೂ ತೀರ್ಥ ಅಂತಲೇ ಅನ್ನುತ್ತಾರೆ. ಅದಕ್ಕೇ ಅವ್ವನಿಗೆ ಒಂದು ಬಾಟಲಿ ತರ್ತೀನಿ ಅಂತ ಮಾತು ಕೊಟ್ಟಿದ್ದೆ. 23ರ ಮಧ್ಯಾಹ್ನಕ್ಕೆ ವಿಮಾನ, ಆ ಕಡೆ ತಲೆ ಹಾಕಲೂ ಆಗಲಿಲ್ಲ.

ಫೋನ್ ಮಾಡಿದಾಗ ಅವ್ವ ಕೇಳಿದ್ದು ಒಂದೇ. "ತೀರ್ಥ ಸಿಕ್ತಾ?" ಇಲ್ಲ ಅಂದೆ. "ಹೋಗ್ಲಿ ಬಿಡು, ತಲಕಾವೇರಿದು ಇನ್ನೂ ಅರ್ಧ ಗಿಂಡಿ ಇದೆ" ಅಂದರು.