ರಾಯಚೂರಿನ ಬಿಸಿಲು, ಬೆಂಗಳೂರಿನ ಸ್ಕೂಟರು, ನಮ್ಮ ಟಿಸಿ

ದೋಸ್ತ,

"ಅಷ್ಟೊಂದು ಬಿಸಿಲಿಟ್ಕೊಂಡು ಇನ್ನೂ ಕಲ್ಲಿದ್ದಲು ಸುಡ್ತೀರಲ್ಲೋ, ನಿಮ್ಮೂರಿಗೆ ಸೋಲಾರ್ ಬಂದಿಲ್ವಾ?" ಅಂತ ಕೇಳೀದಿ. ಸುಡೋದು ನಮ್ಮೂರಾಗ ಖರೆ, ಆದ್ರ ದೀಪ ಹತ್ತೋದು ನಿಮ್ಮ ಮನ್ಯಾಗ. ರಾಯಚೂರು ಬಾಜೂಕಿನ ಶಕ್ತಿನಗರದಾಗ 1985ರಿಂದ ಸುಡಾಕತ್ತಾರ. ಈಗ ಎಂಟು ಯೂನಿಟ್, 1720 ಮೆಗಾವ್ಯಾಟ್. ಯರಮರಸ್‌ನಾಗ 800 ಮೆಗಾವ್ಯಾಟಿನವು ಎರಡು. ಬಳ್ಳಾರಿ ಕಡೆ ಕುಡತಿನಿದು 1700. ರಾಜ್ಯದ ಸ್ವಂತ ಕಲ್ಲಿದ್ದಲು ಸ್ಥಾವರ ಅಂದ್ರ ಈ ಮೂರೇ, ಮೂರೂ ನಮ್ಮ ಕಡೇವೇ. ನಮ್ಮ ದೇಶದ ಕಲ್ಲಿದ್ದಲು ನೂರು ಕೆಜಿ ಸುಟ್ರ 30-40 ಕೆಜಿ ಬೂದಿ ಉಳೀತದ. ಕರೆಂಟು ತಂತಿ ಹಿಡಿದು ನಿಮ್ಮ ಕಡೆ ಬರ್ತದ, ಬೂದಿ ಬರಂಗಿಲ್ಲ.

ಸೋಲಾರ್ ಬಂದದ. ಮಧ್ಯಾಹ್ನ ಪಾವಗಡದ 2050 ಮೆಗಾವ್ಯಾಟ್ ಪಾರ್ಕು ಬಿಸಿಲು ಕುಡೀತಿರ್ತದ, ಕುಷ್ಟಗಿ-ಯಲಬುರ್ಗಾ ಕಡೆ ಗಾಳಿಯಂತ್ರ ತಿರುಗ್ತಿರ್ತಾವ. ಆಗ ನಮ್ಮ ಕಲ್ಲಿದ್ದಲು ಸ್ಥಾವರದವರಿಗೆ ತಗ್ಗಿಸ್ರಿ ಅಂತಾರ. ಸಂಜಿ ಏಳಕ್ಕ ನೀವೆಲ್ಲ ಮನಿಗೆ ಬಂದು ಏಸಿ, ಲಿಫ್ಟು, ಗೀಸರು ಹಚ್ಚೀರಿ ಅಂದ್ರ ಮತ್ತ ಏರಿಸ್ರಿ ಅಂತಾರ. ನೀ ರಾತ್ರಿ ಮಲಗೋ ಮುಂದ ಚಾರ್ಜಿಗೆ ಹಾಕ್ತೀಯಲ್ಲ ಆ ಹಸಿರು ನಂಬರ್ ಪ್ಲೇಟಿನ ಸ್ಕೂಟರು, ಅದು ಓಡೋದ್ರಾಗ ನಮ್ಮೂರ ಹೊಗಿ ಪಾಲೂ ಅದ. ದೇಶದ್ದೂ ಇದೇ ಕಥಿ. 2025ರಾಗ ಸ್ಥಾಪಿತ ಸಾಮರ್ಥ್ಯದ, ಅಂದ್ರ ಎಲ್ಲಾ ಸ್ಥಾವರ ಪೂರ್ತಿ ಓಡಿದ್ರ ಎಷ್ಟು ಕರೆಂಟ್ ಆದೀತು ಅನ್ನೋದರ, ಅರ್ಧ ಕಲ್ಲಿದ್ದಲು, ಗ್ಯಾಸು, ಎಣ್ಣಿ ಬಿಟ್ಟು ಬ್ಯಾರೆ ಮೂಲದ್ದಾತು ಅಂತ ಹೇಳಿದ್ರು, ಸುಳ್ಳಲ್ಲ. ಆದ್ರ ತಯಾರಾಗೋ ಕರೆಂಟಿನಾಗ ಇನ್ನೂ ಮುಕ್ಕಾಲು ಪಾಲಿನ ಆಜೂಬಾಜು ಕಲ್ಲಿದ್ದಲಿಂದೇ. ಬೇಡಿಕೆ ವರ್ಷ ವರ್ಷ ಏರ್ತದ, ಬಿಸಿಲು ಮಾತ್ರ ಸಂಜಿಗೆ ಇಳೀತದ.

ಹಂಗಾಗಿ ಸರ್ಕಾರಕ್ಕ ಏನು ಬೇಕು? ರೈತರ ಪಂಪ್‌ಸೆಟ್ಟೆಲ್ಲ ಹಗಲೊತ್ತಿನ್ಯಾಗ ಓಡಬೇಕು. ನಮಗೇನು ಬೇಕು? ಅದೇ. ರಾತ್ರಿ ಮೆಣಸಿನ ಹೊಲದಾಗ ಬ್ಯಾಟರಿ ಹಿಡಕೊಂಡು ಹಾವು ತುಳೀತೀನೋ ವೈರು ತುಳೀತೀನೋ ಅಂತ ನಡೆಯೋ ಆಸೆ ಯಾರಿಗದ? ಇಬ್ಬರಿಗೂ ಬೇಕಾದದ್ದು ಒಂದೇ ಆದಮ್ಯಾಲ ತೊಡಕೇನು ಅಂತೀ. ತೊಡಕು ನಮ್ಮ ಹೊಲದ ಬದುವಿನ ಮ್ಯಾಲ ಎರಡು ಕಂಬದ ನಡುವ ಕುಂತದ. ಅದರ ಹೆಸರು ಟಿಸಿ. ನೀವು ಟ್ರಾನ್ಸ್‌ಫಾರ್ಮರ್ ಅಂತೀರಿ.

ನಮಗ ತ್ರೀ ಫೇಸ್, ಅಂದ್ರ ಪಂಪ್ ಓಡಿಸೋ ಕರೆಂಟು, ದಿನಕ್ಕ ಏಳು ತಾಸು. ಅದೂ ಪಾಳಿ ಮ್ಯಾಲ, ಒಂದಷ್ಟು ಹಗಲು, ಒಂದಷ್ಟು ರಾತ್ರಿ. ಯಾವಾಗ ಬರ್ತದ ಅಂತ ಕಾಯೋದ್ಯಾರು? ಮೋಟರ್ ತಾನೇ ಶುರುವಾಗ್ಲಿ ಅಂತ ಎಲ್ಲರೂ ಆಟೋ ಸ್ಟಾರ್ಟರ್ ಕೂಡಿಸ್ಯಾರ. ಕರೆಂಟ್ ಬಂದ ಕೂಡ್ಲೇ ಒಂದು ಟಿಸಿ ಮ್ಯಾಲಿನ ಮೋಟರೆಲ್ಲ ಒಮ್ಮಿಗೇ ಎದ್ದು ಕೂಡ್ತಾವ. ಮೋಟರ್ ಏಳೋ ಹೊತ್ತಿಗೆ ಓಡೋ ಹೊತ್ತಿಗಿಂತ ಐದಾರು ಪಟ್ಟು ಕರೆಂಟ್ ಎಳೀತದ. ನಮ್ಮದು 63 ಕೆವಿಎ ಟಿಸಿ (ಕೆವಿಎ ಅಂದ್ರ ಅದು ಹೊರೋ ಭಾರದ ಅಳತಿ), ಅದು ತಡಕೊಳ್ಳೋದು ಐದು ಎಚ್‌ಪಿ ಮೋಟರು ಹತ್ತೋ ಹನ್ನೆರಡೋ. ಲೆಕ್ಕದ ಪುಸ್ತಕದಾಗ ಇರೋ ಮೋಟರೇ ಬ್ಯಾರೆ, ಹೊಲದಾಗ ಇರೋ ಮೋಟರೇ ಬ್ಯಾರೆ. ಸುಡಲಾರದ ಇನ್ನೇನು ಮಾಡೀತು?

ಸುಟ್ಟ ಮ್ಯಾಲ ಶುರುವಾಗ್ತದ ನೋಡು. ಆಫೀಸಿಗೆ ಫೋನ್ ಹಚ್ಚಿದ್ರ "ಸ್ಟಾಕ್ ಇಲ್ರೀ". ಊರಾಗ ಪಟ್ಟಿ ಹಾಕು, ಟ್ರ್ಯಾಕ್ಟರ್ ತಗೊಂಡು ಹೋಗು, ಹೇರಿಕೊಂಡು ಬಾ, ಲೈನ್‌ಮನ್‌ಗ ಚಾ ಕುಡಿಸು. ಅಷ್ಟರಾಗ ಗಿಡ ಬಾಡ್ತಾವ. ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಕುಂತು ಸಭೆ ಮಾಡ್ತೀವಿ: ಎಲ್ಲರೂ ಆಟೋ ಬಿಚ್ಚೋಣು, ಸರದಿ ಪ್ರಕಾರ ಹಚ್ಚೋಣು. ಎಲ್ಲರೂ ಹೂಂ ಅಂತಾರ. ಮರುವಾರ ನೋಡಿದ್ರ ಯಾರೂ ಬಿಚ್ಚಿರಂಗಿಲ್ಲ. ಬಾಜೂ ಹೊಲದವ ಬಿಚ್ಚೋತನಕ ನಾ ಯಾಕ ಬಿಚ್ಚಲಿ? ನನ್ನ ಆಟೋನೂ ಇನ್ನೂ ಅಲ್ಲೇ ಅದ, ಸುಳ್ಳ್ಯಾಕ ಹೇಳಲಿ.

ಕೃಷ್ಣಾ ಹೊಳಿ ಆಚೆ, ತೆಲಂಗಾಣದ ಮಕ್ತಲ್ ಕಡೆ ನಮ್ಮ ಭಾವ ಇರ್ತಾರ. ಅಲ್ಲಿ 2018ರ ಜನವರಿ 1ರಿಂದ ರೈತರಿಗೆ 24 ತಾಸು ಕರೆಂಟು ಅಂತ ಮಾಡಿದ್ರು. ಮಾಡೋಕಿಂತ ಮದ್ಲು ಅಲ್ಲಿ ಸರ್ಕಾರ ರೈತರಿಗೆ ಹೇಳಿದ್ದೂ ಇದೇ ಮಾತು: ಆಟೋ ಸ್ಟಾರ್ಟರ್ ಬಿಚ್ರಿ. "ನಿಮ್ಮ ಮನಿ ಬಾಗಿಲಾಗ ಕರೆಂಟು ಹುಟ್ತದ, ನಿಮಗೇ ಇಲ್ಲಲ್ಲೋ" ಅಂತ ಭಾವ ಹಬ್ಬ ಹಬ್ಬಕ್ಕೂ ಛೇಡಿಸ್ತಾರ. ಹಗಲು ರಾತ್ರಿ ಎಳೆದೆಳೆದು ನಿಮ್ಮ ಬೋರಿನ ನೀರು ಎಷ್ಟು ಫೂಟಿಗಿಳೀತು ಅಂತ ನಾ ಕೇಳ್ತೀನಿ, ಸುಮ್ಮಗಾಗ್ತಾರ. ಹಂಗಾದ್ರ ಆ ಕಡೆ ಹೋಗಿಬಿಡು ಅಂತ ನೀ ಮತ್ತ ಚಾಷ್ಟಿ ಮಾಡಬ್ಯಾಡ. ನಿಜಾಮನ ಕಾಲದಾಗ ಹೊಳಿ ಎರಡೂ ದಂಡಿ ಒಂದೇ ರಾಜ್ಯದಾಗಿತ್ತು, 1956ರಾಗ ನಾವು ಈ ಕಡೆ, ಕನ್ನಡ ರಾಜ್ಯಕ್ಕ ಬಂದ್ವಿ. ಮನಸ್ಸಿನಿಂದ ಬಂದವರು ನಾವು. ಬೆಂಗಳೂರಿನವರಿಗೆ ಅದು ಆಗಾಗ ಮರೀತದ ಅಷ್ಟೇ.

ಸೋಲಾರ್ ಪಂಪಿಗೆ ಕುಸುಮ್ ಯೋಜನಿ ಅದ, ಕೇಂದ್ರದ್ದು 30, ರಾಜ್ಯದ್ದು 50, ರೈತಂದು 20 ಪರ್ಸೆಂಟ್. ಚಲೋ ಯೋಜನಿ. ಆದ್ರ 10 ಎಚ್‌ಪಿ ತನಕ ಕರೆಂಟು ಫುಕಟ್ ಇದ್ದಾಗ ಆ 20 ಪರ್ಸೆಂಟ್ ಯಾಕ ಕೊಡಬೇಕು ಅಂತ ನಮ್ಮ ಕಾಕಾ ಕೇಳಿದ್ರ ನನ್ನ ಹತ್ರ ಉತ್ತರ ಇಲ್ಲ. ಒಂದು ಕೈಲಿ ಫುಕಟ್, ಇನ್ನೊಂದು ಕೈಲಿ ಸಬ್ಸಿಡಿ. ಎರಡೂ ಸರ್ಕಾರದ್ದೇ ಕೈ.

ಈಗ ಸಬ್‌ಸ್ಟೇಷನ್ ಹತ್ರ ಸೋಲಾರ್ ಹಾಕಿ ಇಡೀ ಫೀಡರಿಗೇ, ಅಂದ್ರ ಅಲ್ಲಿಂದ ಹೊಲಗಳಿಗೆ ಬರೋ ಲೈನಿಗೇ, ಹಗಲು ಕರೆಂಟ್ ಕೊಡೋ ಮಾತು ನಡದದ. ಒಂದು ಮೆಗಾವ್ಯಾಟಿಗೆ ನಾಕು ಎಕರೆ ಆಜೂಬಾಜು ಬೇಕು. ಗೋಮಾಳ ಕೊಡ್ರಿ ಅನ್ನೋರು ಒಂದು ಕಡೆ, ದನ ಎಲ್ಲಿಗೆ ಹೊಡೀಲಿ ಅನ್ನೋರು ಇನ್ನೊಂದು ಕಡೆ. ನಾ ಕೊಡ್ರಿ ಅನ್ನೋರ ಗುಂಪಿನ್ಯಾಗಿದ್ದೀನಿ, ಕುರಿ ಇರೋರು ನನ್ನ ಜೋಡಿ ಮಾತು ಬಿಟ್ಟಾರ. ಆದ್ರ ಸೂರ್ಯನ ಕರೆಂಟಾದ್ರೂ ಹೊಲಕ್ಕ ಬರಬೇಕಾದ್ರ ಅದೇ 63 ಕೆವಿಎ ಡಬ್ಬಿ ಹಾಯ್ದೇ ಬರಬೇಕು. ಅದನ್ನ 100 ಮಾಡ್ರಿ ಅಂತ ಕೊಟ್ಟ ಅರ್ಜಿ ಎಲ್ಲದ ಅಂತ ನಾಳೆ ಮತ್ತ ಕೇಳಾಕ ಹೊಂಟೀನಿ.